ವಿದ್ಯಾಲಯಗಳಲ್ಲಿ ಲೈಂಗಿಕ ಪೀಡನೆ: ದೂರಿನ ಮಾರ್ಗಗಳು (ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ)

ವಿದ್ಯಾರ್ಜನೆಗೆಂದು ಮನೆಯಿಂದ ಹೊರಟ ವಿದ್ಯಾರ್ಥಿನಿಗಾಗಲಿ, ವಿದ್ಯಾಲಯದಲ್ಲಿ ಬೋಧನೆ, ಕಚೇರಿಯ ಬರೆಹ, ಅಡುಗೆ, ಶುಚೀಕರಣ ಮೊದಲಾದ ಯಾವುದೇ ವೃತ್ತಿಯಲ್ಲಿರುವ ಸ್ತ್ರೀಗಾಗಲಿ, ಅವಳ ಇಚ್ಛೆಗೆ ವಿರುದ್ಧವಾಗಿ ಒದಗುವ ಲೈಂಗಿಕ ಸ್ವರೂಪದ ಸ್ಪರ್ಶ, ಬೇಡಿಕೆ, ಮಾತು, ಸಂಜ್ಞೆ, ಅಶ್ಲೀಲ ಚಿತ್ರಗಳ ಪ್ರದರ್ಶನ ಇವು ಮೊದಲುಗೊಂಡು ಬಲಾತ್ಕಾರದವರೆಗಿನ ಕೃತ್ಯಗಳನ್ನು ಅಧಿಕಾರಿಗಳಿಗೆ ತಿಳಿಸಿ ಪರಿಹಾರವನ್ನು ಪಡೆಯುವುದಕ್ಕೆ ಭಾರತದ ಶಾಸನಗಳು ಏರ್ಪಡಿಸಿರುವ ಮಾರ್ಗಗಳು ಹಲವು. ಇವುಗಳಲ್ಲಿ ಕೆಲವು ವಿದ್ಯಾಲಯದ ಆವರಣದೊಳಗೇ ಇವೆ. ಕೆಲವು ತಾಲೂಕಿನ ಕೇಂದ್ರದಲ್ಲಿ, ಕೆಲವು ಜಿಲ್ಲಾ ಕೇಂದ್ರವಾದ ಮಂಗಳೂರಿನಲ್ಲಿ, ಮತ್ತೆ ಕೆಲವು ಕೈಯಲ್ಲಿರುವ ಮೊಬೈಲಿನಲ್ಲಿಯೇ ಇವೆ. ಒಂದನ್ನು ಹಿಡಿದವಳು ಇನ್ನೊಂದನ್ನು ಬಿಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕಾಲೇಜಿನ ಸಮಿತಿಗೆ ಬರೆದುಕೊಟ್ಟ ಮೇಲೆ ಪೊಲೀಸರ ಬಳಿಗೆ ಹೋಗುವಂತಿಲ್ಲವೆಂದೂ, ಪೊಲೀಸರ ಬಳಿಗೆ ಹೋದ ಮೇಲೆ ಕಾಲೇಜು ಕೈಕಟ್ಟಿ ಕೂರಬಹುದೆಂದೂ ಈ ಸೀಮೆಯಲ್ಲಿ ರೂಢವಾಗಿರುವ ಭಾವನೆ ಶಾಸನದ ಆಧಾರವಿಲ್ಲದ್ದು.

ದಕ್ಷಿಣ ಕನ್ನಡ ಜಿಲ್ಲೆಯ ಈ ಮೂರು ತಾಲೂಕುಗಳನ್ನು ಒಟ್ಟಿಗೆ ತೆಗೆದುಕೊಂಡು ನೋಡುವುದಕ್ಕೆ ಕಾರಣವುಂಟು. ನೇತ್ರಾವತಿಯ ದಡದ ಬಂಟ್ವಾಳವೂ ಅದರ ಬಿ.ಸಿ. ರೋಡೂ ಸುತ್ತಣ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳ ಊರುಗಳಾದರೆ, ಬೆಳ್ತಂಗಡಿ ತಾಲೂಕಿನ ಉಜಿರೆಯೂ ಜೈನಕಾಶಿಯೆಂದು ಹೆಸರಾದ ಮೂಡುಬಿದಿರೆಯೂ ನಾಡಿನ ದೂರದ ಜಿಲ್ಲೆಗಳಿಂದ ಮಕ್ಕಳು ಬಂದು ಹಾಸ್ಟೆಲುಗಳಲ್ಲಿ ತಂಗಿ ಓದುವ ವಿದ್ಯಾನಗರಗಳು. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ ಆರಂಭವಾಯಿತು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಗಳೂ ಮಿಜಾರಿನ ಎಂಜಿನಿಯರಿಂಗ್ ಕಾಲೇಜುಗಳೂ ಈಚಿನ ಮೂರು ದಶಕಗಳಲ್ಲಿ ಬೆಳೆದುವು. ಇವುಗಳಲ್ಲಿ ಬಹುಪಾಲು ಖಾಸಗಿ ಆಡಳಿತಕ್ಕೆ ಸೇರಿದವು, ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕಕ್ಷೆಯವು. ವಿಶ್ವವಿದ್ಯಾಲಯವು ಕೊಣಾಜೆಯ ಗುಡ್ಡದ ಮೇಲಿದ್ದರೂ ಅದರ ನಿಜವಾದ ಆವರಣವು ಹೀಗೆ ಹತ್ತಾರು ಚಿಕ್ಕ ಊರುಗಳಲ್ಲಿ ಚದುರಿಕೊಂಡಿದೆ. ಚಿಕ್ಕ ಊರಿನಲ್ಲಿ ಉಪನ್ಯಾಸಕರು ಮನೆಯವರಿಗೆ ಪರಿಚಿತರು, ಆಡಳಿತ ಮಂಡಳಿಯ ಸದಸ್ಯರು ಬ್ಯಾಂಕಿಗೂ ದೇವಸ್ಥಾನಕ್ಕೂ ಬೇಕಾದವರು, ವಾರ್ಡನ್ ಒಬ್ಬ ಗೆಳತಿಯ ಚಿಕ್ಕಮ್ಮ. ಎಲ್ಲ ದಾರಿಗಳೂ ಒಬ್ಬರ ಮನೆಯಂಗಳದ ಮೇಲೆಯೇ ಹಾದುಹೋಗುವಂತಹ ಇಂತಹ ಸ್ಥಳದಲ್ಲಿ, ಒಳಗಿನ ಪ್ರತಿಯೊಂದು ಬಾಗಿಲಿಗೂ ಊರ ಹೊರಗೆ ಒಂದು ಬಾಗಿಲನ್ನು ಶಾಸನಕರ್ತರು ಇಟ್ಟಿರುವರೆಂಬ ಅರಿವು ನಗರದವರಿಗಿಂತ ಇಲ್ಲಿಯವರಿಗೆ ಹೆಚ್ಚು ಅಗತ್ಯ.

ಈ ವಿಷಯದಲ್ಲಿ ಸ್ವತಂತ್ರ ಭಾರತವು ಬಹುಕಾಲ ಸುಮ್ಮನಿತ್ತು. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋದ ಸರಕಾರಿ ಕಾರ್ಯಕರ್ತೆಯ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರವು ಸ್ತ್ರೀಸಂಘಟನೆಗಳನ್ನು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ತಂದಿತು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಉದ್ಯೋಗಸ್ಥಳಗಳಲ್ಲಿಯೂ ಇತರ ಸಂಸ್ಥೆಗಳಲ್ಲಿಯೂ ದೂರು ಸಮಿತಿಗಳಿರಬೇಕೆಂದು ವಿಧಿಸಿತು. ಸಂಸತ್ತು ಅದನ್ನು ಅಧಿನಿಯಮದ ರೂಪಕ್ಕೆ ತರಲು ಹದಿನಾರು ವರುಷ ಹಿಡಿಯಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ಕುರಿತ 2013ರ ಅಧಿನಿಯಮವು ಅದೇ ವರುಷದ ಡಿಸೆಂಬರ್ 9ರಂದು ಜಾರಿಗೆ ಬಂದಿತು. 'ಕೆಲಸದ ಸ್ಥಳ'ದ ವ್ಯಾಖ್ಯೆಯೊಳಗೆ ವಿದ್ಯಾಸಂಸ್ಥೆಯೂ ಸೇರಿದೆ. ನೊಂದವಳು ಯಾವ ವಯಸ್ಸಿನವಳಾದರೂ, ಅಲ್ಲಿಯ ನೌಕರಳಾಗಿರಲಿ ಆಗದಿರಲಿ, ದೂರಿಗೆ ಅರ್ಹಳು. ತರುವಾಯ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿ ಕಾಲೇಜುಗಳಿಗಾಗಿ ರೂಪಿಸಿದ, 2015ರ ಹೆಸರನ್ನು ಹೊತ್ತ ನಿಯಮಾವಳಿಯು 2016ರ ಮೇ ತಿಂಗಳಿನಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ತಾಂತ್ರಿಕ ವಿದ್ಯಾಲಯಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮಗಳು ಅದೇ ವರುಷ ಬಂದುವು. ಮಿಜಾರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿಗೂ ಬಿ.ಸಿ. ರೋಡಿನ ಬಿ.ಕಾಂ. ವಿದ್ಯಾರ್ಥಿನಿಗೂ ಅನ್ವಯಿಸುವ ನಿಯಮಗ್ರಂಥಗಳು ಬೇರೆಯಾದರೂ ಆಂತರಿಕ ಸಮಿತಿಯೆಂಬ ವ್ಯವಸ್ಥೆ ಎರಡರಲ್ಲಿಯೂ ಇದೆ.

ಆವರಣದೊಳಗಿನ ಪ್ರಧಾನ ಮಾರ್ಗವೆಂದರೆ ಈ ಆಂತರಿಕ ದೂರು ಸಮಿತಿ. ಇದರ ರಚನೆಯನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಏಕೆಂದರೆ ಬಹಳ ಕಡೆ ಸಮಿತಿಯೆಂದರೆ ಪ್ರಾಂಶುಪಾಲರ ಕೊಠಡಿಯ ಗೋಡೆಗೆ ಅಂಟಿಸಿದ ಒಂದು ಹಾಳೆ ಮಾತ್ರ ಎಂಬ ಭಾವನೆಯಿದೆ. ಆಯೋಗದ ನಿಯಮದಂತೆ ಅದರ ಅಧ್ಯಕ್ಷೆ ಹಿರಿಯ ಅಧ್ಯಾಪಿಕೆಯೇ ಆಗಿರಬೇಕು. ಕಾಲೇಜಾದರೆ ಸಹ ಪ್ರಾಧ್ಯಾಪಕಿಗೆ ಕಡಮೆಯಿಲ್ಲದ ಸ್ಥಾನದವಳು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ವಿಷಯವು ವಿದ್ಯಾರ್ಥಿಗಳಿಗೆ ಸಂಬಂಧಿಸಿದುದಾದರೆ ಚುನಾವಣೆಯಿಂದ ಆಯ್ದ ಮೂವರು ವಿದ್ಯಾರ್ಥಿಗಳು, ಜೊತೆಗೆ ಸ್ತ್ರೀಯರ ಹಿತಕ್ಕಾಗಿ ದುಡಿಯುವ ಸಂಸ್ಥೆಯಿಂದಲೋ ಈ ವಿಷಯವನ್ನು ಬಲ್ಲವರಿಂದಲೋ ಹೊರಗಿನ ಒಬ್ಬ ಸದಸ್ಯ. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮಂದಿ ಸ್ತ್ರೀಯರು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥ ಮೊದಲಾಗಿ ಆಡಳಿತದ ಹಿರಿಯ ಪದವಿಯಲ್ಲಿರುವವರು ಸಮಿತಿಯಲ್ಲಿರತಕ್ಕದ್ದಲ್ಲವೆಂದು ನಿಯಮವು ಸ್ಪಷ್ಟವಾಗಿ ಹೇಳುತ್ತದೆ. ಹೊರಗಿನ ಸದಸ್ಯ, ಚುನಾಯಿತ ವಿದ್ಯಾರ್ಥಿ, ಆಡಳಿತದವರ ಬಹಿಷ್ಕಾರ ಈ ಮೂರೂ ಒಂದೇ ಭಯದಿಂದ ಹುಟ್ಟಿದ ಏರ್ಪಾಡುಗಳು: ಸಂಸ್ಥೆಯು ತನ್ನ ಹೆಸರನ್ನು ಕಾಪಾಡಿಕೊಳ್ಳುವ ಆತುರದಲ್ಲಿ ನೊಂದವಳನ್ನು ಕೈಬಿಟ್ಟೀತೆಂಬ ಭಯ. ಚುನಾವಣೆಯೆಂದರೆ ಬೆಚ್ಚುವ ಆಡಳಿತ ಮಂಡಳಿಗಳು ವಿದ್ಯಾರ್ಥಿ ಸದಸ್ಯರನ್ನು ತಾವೇ ಆರಿಸಿ ಪಟ್ಟಿ ಪೂರ್ತಿಮಾಡುವುದು ನಿಯಮದ ಅಕ್ಷರಕ್ಕೂ ಆಶಯಕ್ಕೂ ವಿರುದ್ಧ.

ದೂರು ಲಿಖಿತವಾಗಿರಬೇಕು, ಬರೆಯಲಾಗದವಳಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ಘಟನೆ ನಡೆದ, ಇಲ್ಲವೆ ಸಾಲು ಘಟನೆಗಳಾದರೆ ಕೊನೆಯದು ನಡೆದ ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ಆಗಲಿಲ್ಲವೇಕೆಂಬುದಕ್ಕೆ ಸಮಾಧಾನಕರ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳನ್ನು ಕೊಡಬಹುದು. ನೊಂದವಳು ದೇಹದಿಂದಲೋ ಮನಸ್ಸಿನಿಂದಲೋ ಅಶಕ್ತಳಾಗಿದ್ದರೆ ಬಂಧುಗಳು, ಸಹಪಾಠಿಗಳು, ಮನಶ್ಶಾಸ್ತ್ರಜ್ಞರು ಅವಳ ಪರವಾಗಿ ಕೊಡಬಹುದು. ಏಳು ದಿನಗಳಲ್ಲಿ ಎದುರಾಳಿಗೆ ಪ್ರತಿ, ಹತ್ತು ದಿನಗಳಲ್ಲಿ ಅವನ ಉತ್ತರ, ತೊಂಬತ್ತು ದಿನಗಳಲ್ಲಿ ವಿಚಾರಣೆಯ ಮುಕ್ತಾಯ, ಮತ್ತೆ ಹತ್ತು ದಿನಗಳಲ್ಲಿ ವರದಿ, ವರದಿ ಬಂದ ಮೂವತ್ತು ದಿನಗಳೊಳಗೆ ಸಂಸ್ಥೆಯ ಕ್ರಮ. ಅತೃಪ್ತರಾದವರಿಗೆ ಮೂವತ್ತು ದಿನಗಳಲ್ಲಿ ಮೇಲ್ಮನವಿ. ಈ ನಡುವೆ ಸಮಿತಿಯ ಶಿಫಾರಸಿನಂತೆ ಒಬ್ಬರನ್ನು ಬೇರೆ ವಿಭಾಗಕ್ಕೆ ಕಳುಹಿಸುವುದು, ಮೂರು ತಿಂಗಳವರೆಗೆ ರಜೆ ಕೊಡುವುದು, ಆಪಾದಿತನು ಅವಳ ಉತ್ತರಪತ್ರಿಕೆಯನ್ನು ಮೌಲ್ಯಮಾಪನ ಮಾಡದಂತೆ ತಡೆಯುವುದು, ಅವನನ್ನು ಆವರಣದಿಂದ ದೂರವಿಡುವುದು ಮುಂತಾದ ಮಧ್ಯಂತರ ರಕ್ಷಣೆಗಳಿವೆ. ಆಂತರಿಕ ಅಂಕವೂ ಪ್ರಾಯೋಗಿಕ ಪರೀಕ್ಷೆಯ ಅಂಕವೂ ಉಪನ್ಯಾಸಕರ ಕೈಯಲ್ಲಿರುವ ಇಂದಿನ ಕ್ರಮದಲ್ಲಿ, ಮೌಲ್ಯಮಾಪನವನ್ನು ತಡೆಯುವ ಈ ಉಪಾಯವೇ ಎಲ್ಲಕ್ಕಿಂತ ಉಪಯುಕ್ತವಾದುದೆಂದು ಈ ಲೇಖಕನ ಅಭಿಪ್ರಾಯ; ಅದನ್ನು ಕೇಳಿ ಪಡೆಯಬಹುದೆಂದು ತಿಳಿದವರು ಮಾತ್ರ ವಿರಳ. ತಪ್ಪಿತಸ್ಥನು ವಿದ್ಯಾರ್ಥಿಯಾದರೆ ಹಾಸ್ಟೆಲು, ಗ್ರಂಥಾಲಯ, ವಿದ್ಯಾರ್ಥಿವೇತನ ಮುಂತಾದ ಸೌಕರ್ಯಗಳನ್ನು ತಡೆಯುವುದರಿಂದ ಹಿಡಿದು ಹೆಸರನ್ನು ಹಾಜರಿಯಿಂದ ಹೊಡೆದುಹಾಕುವವರೆಗೆ ದಂಡನೆಯುಂಟು. ನೌಕರನಾದರೆ ಸೇವಾನಿಯಮಗಳು ಅನ್ವಯಿಸುತ್ತವೆ.

ಆವರಣವೆಂದರೆ ಕಂಪೌಂಡಿನೊಳಗಣ ನೆಲ ಮಾತ್ರವಲ್ಲ. ಹಾಸ್ಟೆಲು, ಕ್ಯಾಂಟೀನು, ಆಟದ ಮೈದಾನ, ಕಾಲೇಜಿನ ಬಸ್ಸು, ಶೈಕ್ಷಣಿಕ ಪ್ರವಾಸ, ಯಾವುದೋ ಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ, ಬೇರೊಂದು ಊರಿಗೆ ಹೋದ ಸಾಂಸ್ಕೃತಿಕ ತಂಡ ಇವೆಲ್ಲ ಅದರೊಳಗೆ ಬರುತ್ತವೆ. ನಾಟಕ, ನೃತ್ಯ, ಯಕ್ಷಗಾನ, ಕ್ರೀಡೆ ಇವುಗಳಿಗಾಗಿ ವರುಷವಿಡೀ ಮಕ್ಕಳನ್ನು ಕರೆದುಕೊಂಡು ತಿರುಗುವ ಈ ಸೀಮೆಯ ಕಾಲೇಜುಗಳಿಗೆ ಈ ವಿಸ್ತಾರವು ಸಣ್ಣ ಮಾತಲ್ಲ.

ದೂರಿನ ಭಾಷೆಯನ್ನು ಕುರಿತು ಇಲ್ಲಿ ಒಂದು ಮಾತನ್ನು ಸೇರಿಸಬೇಕಾಗಿದೆ. ತುಳುನಾಡಿನಲ್ಲಿ ಹುಡುಗಿಯೊಬ್ಬಳು ಮನೆಯಲ್ಲಿ ಇಂತಹ ವಿಷಯವನ್ನು ಹೇಳುವಾಗ ಬಳಸುವ ಮಾತು ಸಾಮಾನ್ಯವಾಗಿ 'ಉಪದ್ರ' ಎಂಬುದು. 'ಆ ಸರ್ ಉಪದ್ರ ಕೊಡ್ತಾರೆ' ಎಂದರೆ ಕೇಳಿದ ತಾಯಿಗೆ ಅರ್ಥವಾಗುತ್ತದೆ. ಆದರೆ ಸೊಳ್ಳೆಯ ಕಾಟಕ್ಕೂ ನೆರೆಮನೆಯ ದನದ ಹಾವಳಿಗೂ ಇದೇ ಶಬ್ದವಿರುವುದರಿಂದ, ಕಾಗದದ ಮೇಲೆ ಅದು ಏನನ್ನೂ ಹೇಳದು. 'ಚುಡಾಯಿಸಿದ', 'ಕೆಟ್ಟದಾಗಿ ನಡೆದುಕೊಂಡ', 'ಮರ್ಯಾದೆ ತೆಗೆದ' ಎಂಬ ಮಾತುಗಳ ಪಾಡೂ ಅಷ್ಟೆ. ಲಜ್ಜೆಯಿಂದ ಹುಟ್ಟಿದ ಈ ಮುಸುಕುಮಾತುಗಳು ಮೊದಲ ಕಾಗದದಲ್ಲಿ ಉಳಿದುಬಿಟ್ಟರೆ, ಮುಂದೆ ವಿಚಾರಣೆಯಲ್ಲಿ ನಿಜವನ್ನು ಬಿಡಿಸಿ ಹೇಳಿದಾಗ 'ಮೊದಲು ಹೇಳಿರಲಿಲ್ಲ, ಈಗ ಸೇರಿಸಿದ್ದಾಳೆ' ಎಂಬ ಆಕ್ಷೇಪಕ್ಕೆ ಎಡೆಯಾಗುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ದೇಹದ ಯಾವ ಭಾಗವನ್ನು ಮುಟ್ಟಿದ, ಆಡಿದ ಮಾತು ಅಕ್ಷರಶಃ ಯಾವುದು ಎಂಬುದನ್ನು, ಆ ಮಾತು ತುಳುವಿನದಾಗಿದ್ದರೆ ತುಳುವಿನಲ್ಲಿಯೇ, ಬ್ಯಾರಿಯದಾದರೆ ಬ್ಯಾರಿಯಲ್ಲಿಯೇ, ಕೊಂಕಣಿಯದಾದರೆ ಕೊಂಕಣಿಯಲ್ಲಿಯೇ ಬರೆದು ಕೆಳಗೆ ಕನ್ನಡದಲ್ಲಿ ಅರ್ಥವನ್ನು ಕೊಡುವುದು ಕ್ರಮ. ಬರೆದುಕೊಡುವವರು ಅದನ್ನು 'ಸಭ್ಯ'ಗೊಳಿಸಲು ಹೋಗಬಾರದು. ವಾಟ್ಸಾಪಿನ ಸಂದೇಶಗಳನ್ನು ಅಳಿಸದೆ, ದಿನಾಂಕ ಕಾಣುವಂತೆ ಪ್ರತಿ ತೆಗೆದಿಟ್ಟುಕೊಳ್ಳುವುದೂ ಇದಕ್ಕೆ ಸೇರಿದ ಮಾತೇ.

ಆಪಾದಿತನೇ ಸಂಸ್ಥೆಯ ಒಡೆಯನಾಗಿದ್ದರೆ, ಅಥವಾ ಹತ್ತಕ್ಕಿಂತ ಕಡಮೆ ನೌಕರರಿರುವ ಟ್ಯುಟೋರಿಯಲ್ಲಿನಂತಹ ಸಣ್ಣ ಸಂಸ್ಥೆಯಾಗಿದ್ದರೆ, ದೂರು ಹೋಗಬೇಕಾದುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ. ಇದಕ್ಕಾಗಿ ಮಂಗಳೂರಿನವರೆಗೆ ಹೋಗಲೇಬೇಕೆಂದಿಲ್ಲ. ದೂರನ್ನು ಸ್ವೀಕರಿಸಿ ಏಳು ದಿನಗಳಲ್ಲಿ ಸಮಿತಿಗೆ ಕಳುಹಿಸುವ ನೋಡಲ್ ಅಧಿಕಾರಿಯೊಬ್ಬರು ತಾಲೂಕು ಮಟ್ಟದಲ್ಲಿರಬೇಕೆಂದು 2013ರ ಅಧಿನಿಯಮವೇ ವಿಧಿಸಿದೆ. ವಿಚಾರಿಸತಕ್ಕ ಸ್ಥಳ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿ. ಕೇಂದ್ರ ಸರಕಾರದ ಶೀ-ಬಾಕ್ಸ್ ಎಂಬ ಅಂತರ್ಜಾಲ ದ್ವಾರವೂ ಇದೆ. ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಅಧ್ಯಾಪಿಕೆಯು ಅಲ್ಲಿಯ ಕುಲಪತಿಯ ವಿರುದ್ಧ ಸ್ಥಳೀಯ ಸಮಿತಿಗೆ ಕೊಟ್ಟ ದೂರು ಇಲ್ಲಿ ಸ್ಮರಣೀಯ. 2023ರ ಏಪ್ರಿಲಿನ ಘಟನೆಗೆ ಡಿಸೆಂಬರಿನಲ್ಲಿ ದೂರು ಬಂದುದರಿಂದ ಅದು ಕಾಲಾತೀತವಾಯಿತೆಂದು 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಹೇಳಿ, ತಪ್ಪನ್ನು ಮನ್ನಿಸಬಹುದಾದರೂ ಮರೆಯಲಾಗದೆಂಬ ಭಾವದಿಂದ, ಆ ತೀರ್ಪನ್ನು ಕುಲಪತಿಯು ತನ್ನ ವೃತ್ತಿವಿವರದಲ್ಲಿ ಸೇರಿಸಬೇಕೆಂದು ಆಜ್ಞಾಪಿಸಿತು. ಮೂರು ತಿಂಗಳ ಗಡುವು ಎಷ್ಟು ಕಠಿನವೆಂಬುದು ಇದರಿಂದ ವಿಶದವಾಗುತ್ತದೆ. ಗುರುವಿನ ಎದುರು ಮಾತೆತ್ತುವುದಕ್ಕೇ ವಿದ್ಯಾರ್ಥಿನಿಗೆ ಒಂದು ಸೆಮಿಸ್ಟರು ಬೇಕಾಗುವ ವಾಸ್ತವದ ಮುಂದೆ ಈ ಗಡುವು ಅನ್ಯಾಯವೆಂದೇ ಹೇಳಬೇಕು.

ಇದಕ್ಕೆ ಪ್ರತಿಯಾಗಿ ಅವಸರದ ವಿಚಾರಣೆಯೂ ನೊಂದವರಿಗೆ ಕೇಡೇ. ನೆರೆಯ ಗೋವಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ದೂರಿನ ಮೇಲೆ ಅಧ್ಯಾಪಕನೊಬ್ಬನನ್ನು ವಜಾ ಮಾಡಿದ ಆಜ್ಞೆಯು, ಸಮಿತಿಯು ಕೆಲವೇ ವಾರಗಳಲ್ಲಿ ಸಾಲುಸಾಲು ಸಭೆ ನಡೆಸಿ ಆತನಿಗೆ ಪ್ರತಿವಾದಕ್ಕೆ ತಕ್ಕಷ್ಟು ಅವಕಾಶ ಕೊಡಲಿಲ್ಲವೆಂಬ ಕಾರಣಕ್ಕೆ, 2023ರ ಮೇ 12ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ದಶಕ ಕಳೆದರೂ ಅಧಿನಿಯಮವು ನೆಟ್ಟಗೆ ಜಾರಿಯಾಗಿಲ್ಲವೆಂದು ಅದೇ ತೀರ್ಪಿನಲ್ಲಿ ವಿಷಾದಿಸಿದ ನ್ಯಾಯಾಲಯವು, 2024ರ ಡಿಸೆಂಬರಿನಲ್ಲಿ ಜಿಲ್ಲಾ ಅಧಿಕಾರಿಗಳ ನೇಮಕಕ್ಕೂ ಸ್ಥಳೀಯ ಸಮಿತಿಗಳ ರಚನೆಗೂ ದಿನಾಂಕಗಳನ್ನೇ ಗೊತ್ತುಮಾಡಿತು.

ಪೊಲೀಸರ ಮಾರ್ಗಕ್ಕೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಕಿರುಕುಳ 75ನೆಯ, ಗುಟ್ಟಾಗಿ ನೋಡುವುದೂ ಚಿತ್ರ ತೆಗೆಯುವುದೂ 77ನೆಯ, ಬೆಂಬತ್ತುವುದು 78ನೆಯ ಪ್ರಕರಣಗಳಲ್ಲಿ ಅಪರಾಧಗಳಾಗಿವೆ. ಅಧ್ಯಾಪಕನು ಎಸಗಿದ ಅತ್ಯಾಚಾರಕ್ಕೆ 64ನೆಯ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ ಹತ್ತು ವರುಷಕ್ಕೆ ಕಡಮೆಯಿಲ್ಲದ ಕಠಿನ ಸಜೆಯಿದ್ದು, ಅದು ಜೀವಾವಧಿಯವರೆಗೆ ಹೋಗಬಹುದು. ಅಧಿಕಾರದ ಸ್ಥಾನವನ್ನು ದುರುಪಯೋಗಿಸಿ ಒಲಿಸಿಕೊಂಡ ಸಂಭೋಗವೂ 68ನೆಯ ಪ್ರಕರಣದಂತೆ ದಂಡನೀಯ. ಅತ್ಯಾಚಾರಕ್ಕೆ ಕಾಲಮಿತಿಯಿಲ್ಲ. ಕಾಲೇಜಿನ ಗಡುವು ಮೀರಿತೆಂದು ಕೈಚೆಲ್ಲಿದವಳಿಗೆ ಈ ಬಾಗಿಲು ತೆರೆದೇ ಇರುತ್ತದೆ.

ಠಾಣೆಗಳ ಸರಹದ್ದು ಇಲ್ಲಿ ತುಸು ತೊಡಕಿನದು. ಬಂಟ್ವಾಳ, ವಿಟ್ಲ, ಪುಂಜಾಲಕಟ್ಟೆ, ಬೆಳ್ತಂಗಡಿ, ವೇಣೂರು, ಧರ್ಮಸ್ಥಳ ಠಾಣೆಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಆಧಿಪತ್ಯಕ್ಕೆ ಒಳಪಟ್ಟಿದ್ದರೆ, ಮೂಡುಬಿದಿರೆಯ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರರಿಗೆ ಸೇರಿದುದು. ಮೂಡುಬಿದಿರೆಯ ಕಾಲೇಜಿನಲ್ಲಿ ಓದುವ, ವೇಣೂರಿನಲ್ಲಿ ಮನೆಯಿರುವ, ಬಿ.ಸಿ. ರೋಡಿನ ಬಸ್ಸಿನಲ್ಲಿ ಪೀಡನೆಗೊಳಗಾದ ಹುಡುಗಿಯನ್ನು 'ಇದು ನಮ್ಮ ಹದ್ದಿಗೆ ಬರುವುದಿಲ್ಲ' ಎಂದು ಒಂದು ಠಾಣೆಯಿಂದ ಇನ್ನೊಂದಕ್ಕೆ ಅಟ್ಟುವುದು ಹಿಂದೆ ಸುಲಭವಾಗಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು ಅದಕ್ಕೆ ಅವಕಾಶವನ್ನುಳಿಸಿಲ್ಲ: ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಗೆ ಹೋದರೂ ವರ್ತಮಾನವನ್ನು ದಾಖಲಿಸಿಕೊಳ್ಳತಕ್ಕದ್ದು, ಜನ ಇದನ್ನು 'ಜೀರೋ ಎಫ್‌ಐಆರ್' ಎನ್ನುತ್ತಾರೆ. ಇಲೆಕ್ಟ್ರಾನಿಕ್ ಮಾರ್ಗದಿಂದ ಕಳುಹಿಸಿ ಮೂರು ದಿನಗಳಲ್ಲಿ ಸಹಿ ಮಾಡಿದರೂ ಸಾಕು. ಲೈಂಗಿಕ ಅಪರಾಧಗಳಲ್ಲಿ ಹೇಳಿಕೆಯನ್ನು ಬರೆದುಕೊಳ್ಳಬೇಕಾದುದು ಮಹಿಳಾ ಅಧಿಕಾರಿ. ಅಂಗವೈಕಲ್ಯವುಳ್ಳವರ ಹೇಳಿಕೆಯನ್ನು ಅವರ ಮನೆಯಲ್ಲಿಯೋ ಅವರು ಆರಿಸಿದ ಅನುಕೂಲ ಸ್ಥಳದಲ್ಲಿಯೋ ಪಡೆಯಬೇಕು. ಗಂಭೀರ ಲೈಂಗಿಕ ಅಪರಾಧಗಳಲ್ಲಿ ದಾಖಲಿಸಿಕೊಳ್ಳದ ಅಧಿಕಾರಿಯೇ ನ್ಯಾಯ ಸಂಹಿತೆಯ 199ನೆಯ ಪ್ರಕರಣದಂತೆ ಅಪರಾಧಿ. ಮಂಗಳೂರಿನ ಪಾಂಡೇಶ್ವರದಲ್ಲಿಯೂ ಪುತ್ತೂರಿನಲ್ಲಿಯೂ ಮಹಿಳಾ ಠಾಣೆಗಳಿವೆ.

2025ರ ಜುಲೈ ತಿಂಗಳಿನಲ್ಲಿ ಪತ್ರಿಕೆಗಳಲ್ಲಿ ಬಂದ ಪ್ರಕರಣವೊಂದು ಈ ಹದ್ದಿನ ಮಾತನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಮೂಡುಬಿದಿರೆಯ ಖಾಸಗಿ ಕಾಲೇಜೊಂದರ ವಿದ್ಯಾರ್ಥಿನಿಯು, ನೋಟ್ಸು ಕೊಡುವ ನೆಪದಲ್ಲಿ ಸಲಿಗೆ ಬೆಳೆಸಿದ ಉಪನ್ಯಾಸಕನೊಬ್ಬನೂ ಅದನ್ನೇ ಹಿಡಿದು ಬೆದರಿಸಿದ ಇನ್ನೊಬ್ಬ ಉಪನ್ಯಾಸಕನೂ ಅವರ ಸ್ನೇಹಿತನೂ ಬೆಂಗಳೂರಿನಲ್ಲಿ ತನ್ನ ಮೇಲೆ ಅತ್ಯಾಚಾರವೆಸಗಿದರೆಂದು ಆರೋಪಿಸಿದಳು. ಹೆತ್ತವರಿಗೆ ಹೇಳಿ, ಅವರೊಡನೆ ರಾಜ್ಯ ಮಹಿಳಾ ಆಯೋಗವನ್ನು ಕಂಡು, ತರುವಾಯ ಬೆಂಗಳೂರಿನ ಮಾರತ್ತಹಳ್ಳಿ ಠಾಣೆಯಲ್ಲಿ ಕೊಟ್ಟ ದೂರಿನ ಮೇಲೆ ಮೂವರೂ ಬಂಧಿತರಾದರು. ಊರಿನ ಕಾಲೇಜಿನಿಂದಾಗಲಿ ಊರಿನ ಠಾಣೆಯಿಂದಾಗಲಿ ಈ ದೂರು ಆರಂಭವಾಗಲಿಲ್ಲ. ಊರಿನಿಂದ ಮುನ್ನೂರು ಕಿಲೋಮೀಟರಿಗೂ ಆಚೆಯ ಬಾಗಿಲಿನಲ್ಲಿ ಆರಂಭವಾಯಿತು. ಮಹಿಳಾ ಆಯೋಗವು ಶಿಕ್ಷೆ ವಿಧಿಸುವ ಸಂಸ್ಥೆಯಲ್ಲ, ಆದರೆ ಠಾಣೆಗೂ ಕಾಲೇಜಿಗೂ ಪತ್ರ ಬರೆದು ವರದಿ ಕೇಳುವ ಅದರ ಅಧಿಕಾರದಿಂದ ಆಗುವ ಕೆಲಸ ಕಡಮೆಯದಲ್ಲ.

ಬಲಾತ್ಕಾರದ ಸಂದರ್ಭದಲ್ಲಿ ಠಾಣೆಗಿಂತ ಮೊದಲು ಆಸ್ಪತ್ರೆಗೆ ಹೋದರೂ ಸರಿಯೆ. ಸರಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆಯನ್ನು ಕೂಡಲೇ ಕೊಡತಕ್ಕವು. ಪೊಲೀಸರ ಕಾಗದ ತಂದರೆ ಮಾತ್ರ ಮುಟ್ಟುತ್ತೇವೆನ್ನುವಂತಿಲ್ಲ. ಚಿಕಿತ್ಸೆಯ ಜೊತೆಗೆ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ಪರೀಕ್ಷೆಗೆ ಒಪ್ಪುವುದು ಬಿಡುವುದು ಮಾತ್ರ ನೊಂದವಳ ಇಚ್ಛೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ದೇಹದಿಂದ ಸಾಕ್ಷ್ಯವನ್ನು 96 ಗಂಟೆಗಳವರೆಗೆ ಸಂಗ್ರಹಿಸಬಹುದಾದರೂ ಬೇಗನೆ ಹೋದಷ್ಟೂ ಒಳ್ಳೆಯದು. ಎಚ್‌ಐವಿ ತಡೆಯುವ ಔಷಧವು 72 ಗಂಟೆಗಳೊಳಗೆ ಆರಂಭವಾಗಬೇಕು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ಕಿನಲ್ಲಲ್ಲದೆ ಕಾಗದದಲ್ಲಿ ಸುತ್ತಿ ಒಯ್ಯಬೇಕು. ಎರಡು ಬೆರಳಿನ ಪರೀಕ್ಷೆಯೆಂಬ ಅವಮಾನಕರ ಪದ್ಧತಿಯನ್ನು ಮಾಡುವವರು ದುರ್ನಡತೆಯ ಅಪರಾಧಿಗಳೆಂದು 2022ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯವು ಸಾರಿದೆ.

ಆರಂಭದ ಗಂಟೆಗಳ ಬೆಲೆಯೇನೆಂಬುದನ್ನು ಬೆಳ್ತಂಗಡಿ ತಾಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2012ರ ಅಕ್ಟೋಬರ್ 9ರಂದು ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ ಹದಿನೇಳರ ಪ್ರಾಯದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಮನೆಯನ್ನು ಮುಟ್ಟಲಿಲ್ಲ. ಮರುದಿನ ಅವಳ ಶವ ಸಿಕ್ಕಿತು. ಸ್ಥಳೀಯ ಪೊಲೀಸರಿಂದ ಸಿಐಡಿಗೆ, ಅಲ್ಲಿಂದ ಸಿಬಿಐಗೆ ಹೋದ ಮೊಕದ್ದಮೆಯಲ್ಲಿ ಏಕೈಕ ಆರೋಪಿಯನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯವು 2023ರ ಜೂನ್ 16ರಂದು ದೋಷಮುಕ್ತನನ್ನಾಗಿಸಿತು. ಸುಮಾರು ಹನ್ನೊಂದು ವರುಷಗಳ ತರುವಾಯವೂ ಕೊಂದವರಾರೆಂಬ ಪ್ರಶ್ನೆ ಹಾಗೆಯೇ ಉಳಿದುದರಿಂದ ಈ ಸೀಮೆಯಲ್ಲಿ ಸಭೆ, ಮೆರವಣಿಗೆ, ಪ್ರತಿಭಟನೆಗಳು ನಡೆದುವು. ಅವಳ ಹೆಸರು ಕರಾವಳಿಯಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೂ ಲೈಂಗಿಕ ಅಪರಾಧಕ್ಕೆ ತುತ್ತಾದವರ ಗುರುತನ್ನು ಮರಣಾನಂತರವೂ ಪ್ರಕಟಿಸಬಾರದೆಂಬುದು ಶಾಸನದ ಸಾಮಾನ್ಯ ನಿಯಮ. ಕಾಲೇಜಿನ ಸಮಿತಿಗೆ ಬಂದ ದೂರಿನ ವಿಷಯದಲ್ಲಿಯೂ ನೊಂದವಳ, ಸಾಕ್ಷಿಗಳ, ಆಪಾದಿತನ ಹೆಸರುಗಳು ಗೋಪ್ಯ. ಸ್ಟಾಫ್ ರೂಮಿನ ಚಹಾದ ಜೊತೆಗೆ ಅವನ್ನು ಹಂಚುವವರು ಇದನ್ನು ಅರಿಯರು.

ಹದಿನೆಂಟು ತುಂಬದವರ ಮಾತು ಪ್ರತ್ಯೇಕವಾದುದು. ಉಜಿರೆ, ಮೂಡುಬಿದಿರೆಗಳ ಹಾಸ್ಟೆಲುಗಳಲ್ಲಿ ತುಂಬಿರುವ ಪದವಿಪೂರ್ವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ವಯಸ್ಸಿನವರು. ಇವರಿಗೆ ಧನಸಹಾಯ ಆಯೋಗದ ನಿಯಮಾವಳಿ ಅನ್ವಯಿಸದು. ಅನ್ವಯಿಸುವುದು 2013ರ ಅಧಿನಿಯಮ ಹಾಗೂ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವುದಕ್ಕಾಗಿ 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಅಧಿನಿಯಮ. ಪೋಕ್ಸೋ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾದುದು. ಇಲ್ಲಿ ತಿಳಿಸುವುದು ಆಯ್ಕೆಯಲ್ಲ, ಕರ್ತವ್ಯ: ವಿಷಯವನ್ನು ಅರಿತ ಉಪನ್ಯಾಸಕ, ವಾರ್ಡನ್, ವೈದ್ಯ, ಆಪ್ತಸಮಾಲೋಚಕ ಯಾರೇ ಆಗಲಿ ಪೊಲೀಸರಿಗೆ ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರುಷದವರೆಗೆ ಸೆರೆವಾಸ. ಒಳ್ಳೆಯ ನಂಬಿಕೆಯಿಂದ ತಿಳಿಸಿದವನ ಮೇಲೆ ಮೊಕದ್ದಮೆ ನಿಲ್ಲದು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದಕ್ಕೆ ಇಷ್ಟವಾದ ಸ್ಥಳದಲ್ಲೋ ಸಮವಸ್ತ್ರವಿಲ್ಲದ ಅಧಿಕಾರಿಯು ಪಡೆಯಬೇಕು. 'ಮೊದಲು ನಾವೇ ಒಳಗೆ ವಿಚಾರಿಸಿ ನೋಡುತ್ತೇವೆ' ಎಂಬ ಆಡಳಿತ ಮಂಡಳಿಯ ಮಾತಿಗೆ ಇಲ್ಲಿ ಎಡೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098.

ಚಿತ್ರ, ವಿಡಿಯೋ, ನಕಲಿ ಖಾತೆಗಳ ಮೂಲಕ ನಡೆಯುವ ಪೀಡನೆಯು ಈಗ ಹಲವು ಪ್ರಕರಣಗಳ ಅರ್ಧ ಶರೀರವಾಗಿದೆ. 2019ರಲ್ಲಿ ನೆರೆಯ ಪುತ್ತೂರಿನ ಕಾಲೇಜು ವಿದ್ಯಾರ್ಥಿನಿಯ ಮೇಲಿನ ಸಾಮೂಹಿಕ ಅತ್ಯಾಚಾರವು ಹೊರಬಿದ್ದುದೇ ಕೃತ್ಯದ ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡಿದ ಮೇಲೆ. ಸಹವಿದ್ಯಾರ್ಥಿಗಳು ಬಂಧಿತರಾದರು, ವಿಡಿಯೋವನ್ನು ಮುಂದಕ್ಕೆ ಕಳುಹಿಸಿದವರ ಮೇಲೂ ಪೊಲೀಸರು ಕಣ್ಣಿಟ್ಟರು. ಮುಂದಕ್ಕೆ ಕಳುಹಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ಸ್ವತಂತ್ರ ಅಪರಾಧ. ಸೈಬರ್ ಸಹಾಯವಾಣಿ 1930. ನಗ್ನಚಿತ್ರಗಳನ್ನು ಕುರಿತು ನೊಂದವರು ದೂರಿದರೆ ನಿಯಮಗಳು ಗೊತ್ತುಪಡಿಸಿದ ಗಂಟೆಗಳೊಳಗೆ ತೆಗೆಯುವುದು ಜಾಲತಾಣಗಳ ಹೊಣೆ.

ಗಂಡುಹುಡುಗರ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಪಾಡು ಶಾಸನದಲ್ಲಿ ಇನ್ನೂ ಅರೆಬರೆ. ಧನಸಹಾಯ ಆಯೋಗದ ನಿಯಮಾವಳಿಯು ಅವರೂ ಪೀಡನೆಗೆ ಗುರಿಯಾಗುವರೆಂದು ಒಪ್ಪಿ, ಎಲ್ಲ ಲಿಂಗದವರ ಮೇಲಿನ ಹಿಂಸೆಯ ವಿರುದ್ಧ ಕ್ರಮ ಜರುಗಿಸಬೇಕೆನ್ನುತ್ತದೆ. ಆದರೆ ಹಳೆಯ ದಂಡಸಂಹಿತೆಯ 377ನೆಯ ಪ್ರಕರಣ ಹೋದ ಮೇಲೆ ವಯಸ್ಕ ಪುರುಷನ ಮೇಲಿನ ಬಲಾತ್ಕಾರಕ್ಕೆ ನೇರವಾದ ಪ್ರಕರಣವೇ ಹೊಸ ಸಂಹಿತೆಯಲ್ಲಿ ಉಳಿದಿಲ್ಲ. ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಇಂತಹ ಅವಮಾನಕ್ಕೆ ಒಳಗಾದವನಿಗೆ 2009ರ ರ‍್ಯಾಗಿಂಗ್ ನಿಯಮಾವಳಿಯೇ ಹತ್ತಿರದ ಆಶ್ರಯ. ರ‍್ಯಾಗಿಂಗಿನ ವ್ಯಾಖ್ಯೆಯಲ್ಲಿ ಲೈಂಗಿಕ ಹಿಂಸೆ ಸೇರಿದೆ. ಅದರ ಸಹಾಯವಾಣಿ 1800-180-5522.

ರಾಜಿಯನ್ನು ಕುರಿತು ಎರಡು ಮಾತು. ತುಳುನಾಡು ಮಾತಿನ ಮೇಲೆ, ಆಣೆಪ್ರಮಾಣದ ಮೇಲೆ ವ್ಯಾಜ್ಯಗಳನ್ನು ತೀರಿಸಿಕೊಂಡು ಬಂದ ನಾಡು; ಧರ್ಮಸ್ಥಳದಲ್ಲಿ ಧರ್ಮಾಧಿಕಾರಿಗಳಾದ ಹೆಗ್ಗಡೆಯವರ ಮುಂದೆ ನಡೆಯುವ ಹೊಯ್ಲೆಂಬ ವ್ಯಾಜ್ಯವಿಚಾರಣೆಯು ಈ ಸಂಪ್ರದಾಯದ ಹೆಸರಾಂತ ಉದಾಹರಣೆ. ಆಸ್ತಿಯ, ಸಾಲದ, ದಾಯಾದಿಗಳ ಜಗಳಗಳಿಗೆ ಅದರಿಂದ ಆಗಿರುವ ಉಪಕಾರ ದೊಡ್ಡದು. ಹುಡುಗಿಯ ಮಾನದ ಮಾತೆಂದರೆ ಊರ ಹಿರಿಯರ ಮನಸ್ಸು ಇದೇ ಜಾಡಿನಲ್ಲಿ ಹರಿಯುವುದು ಸಹಜವಾದರೂ, ಈ ಅಪರಾಧಗಳು ಎರಡು ಮನೆಗಳ ನಡುವಣ ವ್ಯಾಜ್ಯವಲ್ಲ. ರಾಜಸ್ಥಾನದಲ್ಲಿ ಅಧ್ಯಾಪಕನೊಬ್ಬನ ಮೇಲಿದ್ದ ಪೋಕ್ಸೋ ಪ್ರಕರಣವನ್ನು ಹುಡುಗಿಯ ತಂದೆಯೊಡನೆ ರಾಜಿಯಾಯಿತೆಂದು ಅಲ್ಲಿಯ ಉಚ್ಚ ನ್ಯಾಯಾಲಯವು ರದ್ದು ಮಾಡಿದುದನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 7ರಂದು ತಳ್ಳಿಹಾಕಿ ಪ್ರಕರಣಕ್ಕೆ ಮರುಜೀವ ಕೊಟ್ಟಿತು. ಕಾಲೇಜಿನ ಸಮಿತಿಯ ಮುಂದೆ ಸಂಧಾನಕ್ಕೆ ಅವಕಾಶವಿದೆಯಾದರೂ ಅದನ್ನು ಕೇಳಬೇಕಾದವಳು ನೊಂದವಳೇ. ಹಣವು ಅದಕ್ಕೆ ಆಧಾರವಾಗಕೂಡದು.

ಉಳಿದ ಆಸರೆಗಳು: ತುರ್ತುಕರೆಗೆ 112, ಮಹಿಳಾ ಸಹಾಯವಾಣಿ 181, ಚಿಕಿತ್ಸೆ, ವಸತಿ, ಸಮಾಲೋಚನೆಗಳನ್ನು ಒಂದೆಡೆ ಒದಗಿಸುವ ಜಿಲ್ಲೆಯ ಸಖಿ ಕೇಂದ್ರ, ತಾಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಗಳು. ಆದಾಯವೆಷ್ಟೇ ಇರಲಿ ಸ್ತ್ರೀಯರಿಗೂ ಮಕ್ಕಳಿಗೂ ವಕೀಲರು ಉಚಿತ. ಅದರ ಸಹಾಯವಾಣಿ 15100. ಪರಿಹಾರಧನದ ಅರ್ಜಿಯೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೇ ಹೋಗುತ್ತದೆ.

ಈ ಎಲ್ಲ ಮಾರ್ಗಗಳಲ್ಲಿಯೂ ದೂರು ಕೊಟ್ಟವಳ ಕೈಗೆ ಕಾಗದ ಬರಬೇಕಾದ ಹಂತಗಳುಂಟು. ಎಫ್‌ಐಆರಿನ ಪ್ರತಿ ಉಚಿತವಾಗಿ ಅಲ್ಲಿಯೇ ಸಿಕ್ಕಬೇಕು. ತನಿಖೆ ಎಲ್ಲಿಗೆ ಬಂದಿದೆಯೆಂಬುದನ್ನು ಪೊಲೀಸರು ತೊಂಬತ್ತು ದಿನಗಳೊಳಗೆ ತಿಳಿಸಬೇಕು. ಆಂತರಿಕ ಸಮಿತಿಯ ವರದಿಯ ಪ್ರತಿಗೆ ಇಬ್ಬರೂ ಪಕ್ಷದವರು ಹಕ್ಕುದಾರರು. ಸಮಿತಿಗೆ ಕೊಟ್ಟ ದೂರಿನ ಇನ್ನೊಂದು ಪ್ರತಿಯ ಮೇಲೆ ದಿನಾಂಕಸಹಿತ ಸ್ವೀಕೃತಿಯ ಸಹಿಯನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಮೂರು ತಿಂಗಳ ಲೆಕ್ಕವೂ ಮೇಲ್ಮನವಿಯ ಮೂವತ್ತು ದಿನಗಳ ಲೆಕ್ಕವೂ ಈ ಕಾಗದಗಳಲ್ಲಿನ ದಿನಾಂಕಗಳ ಮೇಲೆಯೇ ನಿಲ್ಲುವುದರಿಂದ, ಕಾಗದಗಳನ್ನು ಹಾಸ್ಟೆಲಿನ ಟ್ರಂಕಿನಲ್ಲಿಡದೆ, ಮುಂದಿನ ಶನಿವಾರ ಊರಿಗೆ ಹೋಗುವಾಗ ಒಯ್ದು ಮನೆಯಲ್ಲಿಡುವುದು ವಾಡಿಕೆಯಾಗಬೇಕು.